ಮರಳುನಾಡಿನ ಮನೆಯ ಊಟದ ಮೇಜಿಗೆ ತಕ್ಕ ಮರ

ದುಬೈ ಮತ್ತು ಅಬುಧಾಬಿಗಳಲ್ಲಿ ನೆಲೆ ನಿಂತ ಕನ್ನಡ ಕುಟುಂಬಗಳು ಮನೆಗೆ ಕೊಂಡು ತರುವ ಪೀಠೋಪಕರಣಗಳಲ್ಲಿ ಊಟದ ಮೇಜಿನಷ್ಟು ದುಡಿಯುವ ವಸ್ತು ಮತ್ತೊಂದಿಲ್ಲ. ಬೆಳಗಿನ ತಿಂಡಿಯಿಂದ ರಾತ್ರಿ ಮಕ್ಕಳ ಮನೆಪಾಠದವರೆಗೆ ಎಲ್ಲವೂ ಅದರ ಮೇಲೆಯೇ ನಡೆಯುತ್ತದೆ. ಯುಗಾದಿಗೋ ದೀಪಾವಳಿಗೋ ನಾಲ್ಕು ಮನೆಯವರು ಕೂಡಿದಾಗ ಬಾಳೆಲೆ ಹಾಸುವುದೂ ಅದರ ಮೇಲೆಯೇ. ಅಲ್ಲಿನ ಅಂಗಡಿಗಳಲ್ಲಿ ‘ಫಾರ್ಮ್‌ಹೌಸ್ ಟೇಬಲ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಮೇಜು ಇಂಥ ಬಳಕೆಗೆ ಹೇಳಿ ಮಾಡಿಸಿದಂಥದು. ಯೂರೋಪು ಮತ್ತು ಅಮೆರಿಕದ ಬೇಸಾಯಗಾರರ ಅಡುಗೆಮನೆಗಳಲ್ಲಿ ರೂಪುಗೊಂಡ ಈ ಮಾದರಿಯಲ್ಲಿ ದಪ್ಪ ಹಲಗೆಗಳನ್ನು ಪಕ್ಕಪಕ್ಕಕ್ಕೆ ಅಂಟಿಸಿ ಉದ್ದನೆಯ ಮೇಲ್ಪಾಳಿಯನ್ನು ಮಾಡಲಾಗುತ್ತದೆ. ಕೆತ್ತನೆ ಕುಸುರಿಗಳಿಲ್ಲದ ನಾಲ್ಕು ಭಾರಿ ಕಾಲುಗಳೂ ಅವನ್ನು ಬೆಸೆಯುವ ಒಂದು ಚೌಕಟ್ಟೂ ಆ ಪಾಳಿಯನ್ನು ಹೊರುತ್ತವೆ. ಮೇಜಿನ ಚೆಲುವೆಲ್ಲ ಹಲಗೆಯದೇ ಆದ್ದರಿಂದ, ಅದಕ್ಕೆ ಯಾವ ಮರ ಒಳ್ಳೆಯದು ಎಂಬ ಪ್ರಶ್ನೆ ಇಲ್ಲಿ ಬೇರೆ ಯಾವ ಪೀಠೋಪಕರಣಕ್ಕಿಂತಲೂ ಮುಖ್ಯವಾಗುತ್ತದೆ.

ಈ ಪ್ರಶ್ನೆಗೆ ಇಂಗ್ಲೆಂಡಿನ ಬಡಗಿಯು ಕೊಡುವ ಉತ್ತರವನ್ನಾಗಲಿ, ಊರಿನ ಆಚಾರಿಯು ತಲೆಮಾರುಗಳ ಅನುಭವದಿಂದ ಕೊಡುವ ಉತ್ತರವನ್ನಾಗಲಿ ಕೊಲ್ಲಿಯ ಕರಾವಳಿಗೆ ಹಾಗೆಯೇ ಒಯ್ಯಲಾಗದು. ದುಬೈ ಮತ್ತು ಅಬುಧಾಬಿಗಳು ಮರುಭೂಮಿಯ ಅಂಚಿನಲ್ಲಿದ್ದರೂ ಕಡಲಿಗೆ ಅಂಟಿಕೊಂಡ ನಗರಗಳು. ಬೇಸಗೆಯಲ್ಲಿ ಹಗಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುವಾಗಲೇ ಕಡಲಿನ ಹಬೆಯಿಂದ ರಾತ್ರಿಯ ಗಾಳಿ ತೇವದಿಂದ ಭಾರವಾಗಿರುತ್ತದೆ. ಮನೆಯೊಳಗೆ ಮಾತ್ರ ಹವಾನಿಯಂತ್ರಣ ಯಂತ್ರವು ಗಾಳಿಯನ್ನು ತಣಿಸುತ್ತಲೇ ಅದರ ನೀರನ್ನೂ ಹಿಂಡಿ ಹೊರಗೆ ಹಾಕುತ್ತಿರುತ್ತದೆ. ಹೀಗಾಗಿ ಹೊರಗಿನ ಹವೆ ಒಂದು, ಒಳಗಿನ ಹವೆ ಮತ್ತೊಂದು. ಮೇಜು ಬಾಳಬೇಕಾದದ್ದು ಒಳಗಿನ ಹವೆಯಲ್ಲಿ. ಅದಕ್ಕೆ ಬಳಸಿದ ಮರ ಬೆಳೆದದ್ದು, ಒಣಗಿದ್ದು ಸಾಮಾನ್ಯವಾಗಿ ಮೂರನೆಯ ಯಾವುದೋ ನಾಡಿನ ಹವೆಯಲ್ಲಿ.

ಕಡಿದ ಮೇಲೂ ಮರ ನೀರಿನೊಂದಿಗಿನ ನಂಟನ್ನು ಬಿಡುವುದಿಲ್ಲ ಎಂಬುದು ಈ ವಿಷಯದ ಬುಡದಲ್ಲಿರುವ ಸಂಗತಿ. ಒಂದು ಉಷ್ಣತೆಯಲ್ಲಿ ಗಾಳಿಯು ಹಿಡಿದಿಡಬಹುದಾದ ಗರಿಷ್ಠ ನೀರಾವಿಯಲ್ಲಿ ಎಷ್ಟು ಪಾಲು ಅದರಲ್ಲಿ ನಿಜವಾಗಿ ಇದೆಯೆಂಬುದನ್ನು ಸಾಪೇಕ್ಷ ಆರ್ದ್ರತೆ ಎನ್ನುತ್ತಾರೆ. ಸುತ್ತಲಿನ ಗಾಳಿಯ ಆರ್ದ್ರತೆ ಹೆಚ್ಚಿದರೆ ಮರ ಅದರಿಂದ ನೀರನ್ನು ಹೀರುತ್ತದೆ, ಕಡಿಮೆಯಾದರೆ ಬಿಟ್ಟುಕೊಡುತ್ತದೆ, ಕೊನೆಗೆ ಕೊಡುಕೊಳ್ಳುವಿಕೆ ನಿಂತು ಒಂದು ಮಟ್ಟದಲ್ಲಿ ನೆಲೆಗೊಳ್ಳುತ್ತದೆ. ಆ ಮಟ್ಟಕ್ಕೆ ಸಮತೋಲ ತೇವಾಂಶ ಎಂದು ಹೆಸರು. ಮನೆಯೊಳಗಿನ ಸಾಧಾರಣ ಉಷ್ಣತೆಯಲ್ಲಿ ಗಾಳಿಯ ಆರ್ದ್ರತೆ ಶೇ. 50 ಇದ್ದರೆ ಮರದ ತೇವಾಂಶ ಅದರ ಒಣತೂಕದ ಸುಮಾರು ಶೇ. 9ರಲ್ಲಿ ನಿಲ್ಲುತ್ತದೆ, ಆರ್ದ್ರತೆ ಶೇ. 80 ಆದರೆ ಅದು ಸುಮಾರು ಶೇ. 16ಕ್ಕೆ ಏರುತ್ತದೆ. ಮಂಗಳೂರಿನಲ್ಲೋ ಉಡುಪಿಯಲ್ಲೋ ಮಳೆಗಾಲದ ಗಾಳಿಯಲ್ಲಿ ಕೊಟ್ಟಿಗೆಯ ಮಾಡಿನಡಿ ಒಣಗಿದ ಹಲಗೆ, ಒಣಗಿದೆಯೆಂದು ಮುಟ್ಟಿದವರಿಗೆಲ್ಲ ಅನಿಸಿದರೂ, ಈ ಎರಡನೆಯ ಮಟ್ಟಕ್ಕಿಂತ ಕೆಳಗೆ ಇಳಿದಿರುವುದಿಲ್ಲ. ಅದನ್ನು ದುಬೈಯಲ್ಲಿ ಆರ್ದ್ರತೆ ಶೇ. 50ರ ಸುಮಾರಿಗಿರುವ ಹವಾನಿಯಂತ್ರಿತ ಮನೆಗೆ ತಂದಿಟ್ಟರೆ ಉಳಿದ ಶೇ. 7ರಷ್ಟು ತೇವವನ್ನು ಅದು ಊಟದ ಕೋಣೆಯಲ್ಲೇ ಕಳೆದುಕೊಳ್ಳಬೇಕಾಗುತ್ತದೆ.

ತೇವ ಕಳೆದುಕೊಂಡ ಮರ ಕುಗ್ಗುತ್ತದೆ, ಆದರೆ ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗುವುದಿಲ್ಲ. ಎಳೆಯ ಉದ್ದಕ್ಕೆ ಆಗುವ ಬದಲಾವಣೆ ಲೆಕ್ಕಕ್ಕೇ ಬಾರದಷ್ಟು ಅಲ್ಪ; ಎಳೆಗೆ ಅಡ್ಡಲಾಗಿ, ಅಂದರೆ ಹಲಗೆಯ ಅಗಲಕ್ಕೆ, ಅದು ಕಣ್ಣಿಗೆ ಕಾಣುವಷ್ಟು ದೊಡ್ಡದು. ಆ ಅಡ್ಡ ದಿಕ್ಕಿನಲ್ಲೂ ಎರಡು ಬಗೆಯುಂಟು. ದಿಮ್ಮಿಯ ಬೆಳವಣಿಗೆಯ ಉಂಗುರಗಳ ಸುತ್ತಿಗೆ ಅನುಸಾರವಾಗಿ ಆಗುವ ಕುಗ್ಗುವಿಕೆ ಹೆಚ್ಚು. ತಿರುಳಿನಿಂದ ತೊಗಟೆಯತ್ತ ಹೋಗುವ ನೇರ ದಿಕ್ಕಿನಲ್ಲಿ ಆಗುವುದು ಅದರ ಸುಮಾರು ಅರ್ಧ. ಉಂಗುರಗಳು ಹಲಗೆಯ ಮೇಲ್ಮೈಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಬರುವಂತೆ ದಿಮ್ಮಿಯನ್ನು ಕೊಯ್ದರೆ ಅದು ಚಪ್ಪಟೆ ಕೊಯ್ತ, ಉಂಗುರಗಳು ಮೇಲ್ಮೈಗೆ ಲಂಬವಾಗಿ ನಿಲ್ಲುವಂತೆ ಕೊಯ್ದರೆ ಲಂಬ ಕೊಯ್ತ ಎಂದು ಇಲ್ಲಿ ಕರೆಯಬಹುದು. ಚಪ್ಪಟೆ ಕೊಯ್ತದ ಹಲಗೆಗಳಿಂದ ಮಾಡಿದ ಒಂದು ಮೀಟರ್ ಅಗಲದ ಮೇಲ್ಪಾಳಿಯಲ್ಲಿ ತೇವಾಂಶ ಶೇ. 1ರಷ್ಟು ಬದಲಾದಾಗ ತೇಗ ಸುಮಾರು 1.9 ಮಿಲಿಮೀಟರ್, ಅಮೆರಿಕದ ಕರಿ ವಾಲ್‌ನಟ್ 2.7, ಬಿಳಿ ಓಕ್ 3.7, ಅಮೆರಿಕದ ಬೀಚ್ 4.3 ಮಿಲಿಮೀಟರ್‌ಗಳಷ್ಟು ಅಗಲದಲ್ಲಿ ಬದಲಾಗುತ್ತವೆ. ಈ ಅಂಕಿಗಳನ್ನು ಮೇಲೆ ಹೇಳಿದ ಶೇ. 7ರಿಂದ ಗುಣಿಸಿದರೆ ತೇಗದ ಮೇಜು 13 ಮಿಲಿಮೀಟರ್ ಕುಗ್ಗುವಲ್ಲಿ ಓಕ್ 26 ಮಿಲಿಮೀಟರ್, ಬೀಚ್ 30 ಮಿಲಿಮೀಟರ್ ಕುಗ್ಗುತ್ತದೆಂದು ತಿಳಿಯುತ್ತದೆ. ಮೂರು ಸೆಂಟಿಮೀಟರ್ ಕುಗ್ಗಲು ಹೊರಟ ಪಾಳಿಯನ್ನು ಅಲುಗಾಡದ ಚೌಕಟ್ಟಿಗೆ ಮೊಳೆ ಹೊಡೆದು ಬಿಗಿದಿದ್ದರೆ ಅದು ಸೀಳದೆ ಬೇರೆ ದಾರಿಯಿಲ್ಲ.

ಗಟ್ಟಿತನವೇ ಮರದ ಯೋಗ್ಯತೆಯ ಅಳತೆ ಎಂಬ ಸಾಮಾನ್ಯ ನಂಬಿಕೆ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಮರದ ಗಟ್ಟಿತನವನ್ನು ಅಳೆಯಲು ಬಳಕೆಯಲ್ಲಿರುವ ಜಾಂಕಾ ಪರೀಕ್ಷೆಯಲ್ಲಿ 11.28 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡನ್ನು ಅದರ ಅರ್ಧದವರೆಗೆ ಮರದೊಳಗೆ ಒತ್ತಲು ಬೇಕಾಗುವ ಬಲವನ್ನು ನೋಡುತ್ತಾರೆ. ತೇಗಕ್ಕೆ ಈ ಬಲ ಸುಮಾರು 480 ಕಿಲೋ ಭಾರದಷ್ಟು, ಬಿಳಿ ಓಕಿಗೆ 610, ಯೂರೋಪಿನ ಬೀಚಿಗೆ 650ರ ಆಸುಪಾಸು, ದಕ್ಷಿಣ ಭಾರತದ ಬೀಟೆಗೆ 1,100ರಷ್ಟು. ಪಾತ್ರೆಯ ಏಟಿಗೆ ತಗ್ಗು ಬೀಳದಿರಲು ತೇಗದ ಗಟ್ಟಿತನವೇ ಸಾಕಷ್ಟಾಯಿತು; ಅದಕ್ಕಿಂತ ಹೆಚ್ಚಿನ ಗಟ್ಟಿತನದಿಂದ ಊಟದ ಮೇಜಿಗೆ ಬರುವ ಲಾಭ ಅಲ್ಪ. ಪೈನ್‌ನಂಥ ಮೆದು ಮರಗಳಲ್ಲಿ ಮಾತ್ರ, 250 ಕಿಲೋಗೂ ಕೆಳಗಿನ ಬಲಕ್ಕೇ ಗುಂಡು ಇಳಿಯುವುದರಿಂದ, ಮಕ್ಕಳು ಬರೆಯುವಾಗ ಒತ್ತಿದ ಬಾಲ್‌ಪೆನ್ನಿನ ಅಕ್ಷರವೂ ಮೇಜಿನ ಮೇಲೆ ಅಚ್ಚೊತ್ತಿ ಉಳಿಯುತ್ತದೆ. ಕೊಲ್ಲಿಯ ಮನೆಯಲ್ಲಿ ಮೇಜನ್ನು ಕೆಡಿಸುವುದು ಏಟಿಗಿಂತ ಹೆಚ್ಚಾಗಿ ತೇವದ ಏರಿಳಿತವೇ.

ಆ ಏರಿಳಿತ ಅತಿ ಹೆಚ್ಚಾಗುವುದು ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ. ಶಾಲೆಗಳ ಬೇಸಗೆ ರಜೆ ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಬರುವುದರಿಂದ ಕನ್ನಡ ಕುಟುಂಬಗಳು ಹೆಚ್ಚಾಗಿ ಆಗಲೇ ಊರಿಗೆ ಹೊರಡುತ್ತವೆ. ವಿದ್ಯುತ್ತಿನ ಖರ್ಚು ಉಳಿಸಲು ಏಸಿಯನ್ನು ಪೂರ್ತಿ ಆರಿಸಿ ಬಾಗಿಲು ಹಾಕಿ ಹೋದರೆ, ಹತ್ತು ತಿಂಗಳು ಒಣ ಗಾಳಿಗೆ ಒಗ್ಗಿದ್ದ ಮೇಜು ಆ ಎರಡು ತಿಂಗಳು ಸೋರಿ ಬಂದ ಕರಾವಳಿಯ ತೇವವನ್ನು ಹೀರಿ ಹಿಗ್ಗುತ್ತದೆ. ಕುಟುಂಬ ಮರಳಿ ಬಂದು ಏಸಿಯನ್ನು ಜೋರಾಗಿ ಹಾಕಿದೊಡನೆ ಮೇಲ್ಮೈ ಬೇಗ ಒಣಗಿ ಒಳಭಾಗ ಒಣಗದೆ ಉಳಿಯುವುದರಿಂದ ತುದಿಗಳಲ್ಲಿ ಬಿರುಕು ಕಾಣಿಸಿಕೊಳ್ಳುತ್ತದೆ. ಏಸಿಯನ್ನು 27 ಅಥವಾ 28 ಡಿಗ್ರಿಗೆ ಇಟ್ಟು ಹೋಗುವುದು ಮೇಜಿಗೂ, ಬೂಷ್ಟು ಹಿಡಿಯಬಹುದಾದ ಬಟ್ಟೆಬರೆ ಪುಸ್ತಕಗಳಿಗೂ ಕ್ಷೇಮ. ಕಡಲಿನಿಂದ ದೂರದ ಅಲ್ ಐನ್‌ನಲ್ಲಿ ಹೊರಗಿನ ಹವೆಯೂ ಒಣಗಿರುವುದರಿಂದ ಈ ತೊಂದರೆ ಕಡಿಮೆ.

ಈ ಕರಾವಳಿಯ ಜನ ತಮಗೆ ಬೇಕಾದ ಮರವನ್ನು ಎಲ್ಲಿಂದ ಆರಿಸಿ ತರುತ್ತಿದ್ದರೆಂಬ ಇತಿಹಾಸವೂ ಇಲ್ಲಿ ದಾರಿ ತೋರಿಸುತ್ತದೆ. ಸಂಯುಕ್ತ ಅರಬ್ ಎಮಿರೇಟ್ಸ್‌ನ ನೆಲದಲ್ಲಿ ದಿಮ್ಮಿ ಕೊಡುವ ಕಾಡುಗಳಿಲ್ಲ. 2008ರಲ್ಲಿ ಆ ದೇಶದ ರಾಷ್ಟ್ರೀಯ ವೃಕ್ಷವೆಂದು ಘೋಷಿತವಾದ ಘಾಫ್, ಕನ್ನಡಿಗರು ವಿಜಯದಶಮಿಯಂದು ಪೂಜಿಸುವ ಬನ್ನಿಯೇ ಆಗಿದ್ದು, ಮರಳಿನಲ್ಲಿ ಬಹು ಆಳಕ್ಕೆ ಬೇರಿಳಿಸಿ ಬದುಕುವ ಆ ಮರಕ್ಕೆ ಅಲ್ಲಿ ಕಾನೂನಿನ ರಕ್ಷಣೆ ಇದೆ. ಮೈಸೂರಿನ ಬನ್ನಿಮಂಟಪದತ್ತ ಸಾಗುವ ಜಂಬೂಸವಾರಿಯನ್ನು ಬಲ್ಲವರಿಗೆ ಆ ಗೌರವ ಹೊಸದೆನಿಸಲಾರದು. ಖರ್ಜೂರದ ಕಾಂಡವನ್ನು ಹಳೆಯ ಮನೆಗಳ ಮಾಡಿಗೆ ತೊಲೆಯಾಗಿ ಬಳಸುತ್ತಿದ್ದರೂ ಅದು ತೆಂಗಿನಂತೆ ಉಂಗುರಗಳಿಲ್ಲದ, ನಾರಿನ ಕಟ್ಟುಗಳಿಂದಾದ ಕಾಂಡವಾದ್ದರಿಂದ ನಯವಾದ ಹಲಗೆಯಾಗಿ ಒದಗುವುದಿಲ್ಲ. ಆದ್ದರಿಂದ ಮಾಡಿನ ತೊಲೆಗಳಿಗಾಗಿ ಪೂರ್ವ ಆಫ್ರಿಕಾದ ಕಾಂಡ್ಲಾ ಮರದ ಗಳುಗಳು ಹಡಗುಗಳಲ್ಲಿ ಬರುತ್ತಿದ್ದವು; ಆ ಗಳು ಎಷ್ಟು ಉದ್ದವೋ ಕೋಣೆ ಅಷ್ಟೇ ಅಗಲವಾಗುತ್ತಿತ್ತು. ಹಡಗುಗಳಿಗೆ, ಬಾಗಿಲುಗಳಿಗೆ ಬೇಕಾದ ಉತ್ತಮ ಮರ ಮಾತ್ರ ಭಾರತದ ಪಶ್ಚಿಮ ಕರಾವಳಿಯ ತೇಗವೇ ಆಗಿತ್ತು. ದುಬೈಯ ಶಿಂದಘಾದಲ್ಲಿರುವ, 1896ರಲ್ಲಿ ಕಟ್ಟಿದ, ಹಿಂದಿನ ಅರಸ ಶೇಖ್ ಸಯೀದ್ ಅಲ್ ಮಕ್ತೂಂ ಅವರ ಮನೆಯನ್ನೂ ಅಲ್ ಫಹೀದಿಯ ಹಳೆಯ ಬೀದಿಗಳನ್ನೂ ನೋಡಿದವರಿಗೆ, ಬಿಸಿಲು ಮತ್ತು ಉಪ್ಪುಗಾಳಿಗೆ ಒಡ್ಡಿದ ಮರ ಹೇಗೆ ಬಾಳಿದೆಯೆಂಬುದು ಕಣ್ಣಾರೆ ಕಾಣುತ್ತದೆ. ಕೇರಳದ ಬೇಪೂರಿನಲ್ಲಿ ತೇಗದಿಂದಲೂ ಹೆಬ್ಬಲಸಿನಿಂದಲೂ ಕಟ್ಟಿದ ಉರುಗಳು, ಅಂದರೆ ದೊಡ್ಡ ಮರದ ಹಾಯಿಹಡಗುಗಳು, ಕೊಲ್ಲಿಯ ಒಡೆಯರಿಗೆ ಇಂದಿಗೂ ಮಾರಾಟವಾಗುತ್ತವೆ.

ತೇಗಕ್ಕೆ ಈ ಹಿರಿಮೆ ಬಂದದ್ದು ಅದರ ಒಡಲಿನ ಗುಣದಿಂದ. ಅದರ ಚೇಗಿನಲ್ಲಿ, ಎಂದರೆ ದಿಮ್ಮಿಯ ನಡುವಿನ ಬಲಿತ ಗಾಢಬಣ್ಣದ ಭಾಗದಲ್ಲಿ, ಸಹಜವಾದ ಎಣ್ಣೆಯಂಥ ದ್ರವ್ಯಗಳು ತುಂಬಿದ್ದು ನೀರು ಒಳಹೋಗುವುದನ್ನು ನಿಧಾನಿಸುತ್ತವೆ, ಗೆದ್ದಲನ್ನೂ ಕುಟ್ಟೆಯನ್ನೂ ದೂರವಿಡುತ್ತವೆ. ಹೊರಸುತ್ತಿನ ಬಿಳಿಯ ಭಾಗಕ್ಕೆ ಈ ಗುಣಗಳಿಲ್ಲ. ಇಂದು ಮಾರುಕಟ್ಟೆಗೆ ಬರುವ ತೇಗದ ಬಹುಭಾಗ ನೆಡುತೋಪುಗಳಲ್ಲಿ ಬೇಗ ಬೆಳೆಸಿ ಕಡಿದ ಎಳೆಯ ಮರವಾಗಿರುವುದರಿಂದ ಅದರಲ್ಲಿ ಬಿಳಿ ಭಾಗದ ಪಾಲು ಹೆಚ್ಚು. ಅಂಗಡಿಯವರು ಅದನ್ನೂ ‘ಬರ್ಮಾ ಟೀಕ್’ ಎಂದೇ ಕರೆಯುವುದುಂಟು. ಬರ್ಮಾ, ಅಂದರೆ ಇಂದಿನ ಮ್ಯಾನ್ಮಾರ್ ದೇಶವು ದಿಮ್ಮಿಗಳ ರಫ್ತನ್ನು 2014ರ ಏಪ್ರಿಲ್‌ನಿಂದ ನಿಷೇಧಿಸಿದೆ. 2021ರ ಸೈನಿಕ ಕ್ಷಿಪ್ರಕ್ರಾಂತಿಯ ನಂತರ ಅಲ್ಲಿನ ಸರಕಾರಿ ಮರದ ಸಂಸ್ಥೆಯ ಮೇಲೆ ಅಮೆರಿಕ ಮತ್ತು ಯೂರೋಪಿಯನ್ ಒಕ್ಕೂಟಗಳು ನಿರ್ಬಂಧ ಹೇರಿವೆ. ಆದ್ದರಿಂದ ಬರ್ಮಾದ ಹೆಸರು ಕೇಳಿದೊಡನೆ ಹೆಚ್ಚಿನ ಬೆಲೆಗೆ ಒಪ್ಪುವುದಕ್ಕಿಂತ ಹಲಗೆಯನ್ನು ಕೈಯಲ್ಲಿ ಹಿಡಿದು ನೋಡುವುದು ವಿವೇಕ.

ನೋಡಬೇಕಾದ ಜಾಗ ಹಲಗೆಯ ಮುಖಕ್ಕಿಂತ ಅದರ ಕೊಯ್ದ ತುದಿ. ಅಲ್ಲಿ ಮರಳು ಕಾಗದದಿಂದ ಸ್ವಲ್ಪ ಉಜ್ಜಿ ನೋಡಿದರೆ ತೇಗದ ಪ್ರತಿ ಉಂಗುರದ ಆರಂಭದಲ್ಲಿ ದೊಡ್ಡ ರಂಧ್ರಗಳ ಒಂದು ಸಾಲು ಬರಿಗಣ್ಣಿಗೇ ಕಾಣುತ್ತದೆ. ಉಂಗುರಗಳು ಒತ್ತೊತ್ತಾಗಿದ್ದರೆ ಮರ ನಿಧಾನವಾಗಿ ಬೆಳೆದದ್ದು, ಬೆರಳಗಲದ ಅಂತರದಲ್ಲಿದ್ದರೆ ಬೇಗ ಬೆಳೆಸಿದ್ದು. ಉಂಗುರಗಳು ಬಿಲ್ಲಿನಂತೆ ಬಾಗಿ ಬಂದಿದ್ದರೆ ಅದು ಚಪ್ಪಟೆ ಕೊಯ್ತ, ನೆಟ್ಟಗೆ ನಿಂತ ಗೆರೆಗಳಾಗಿದ್ದರೆ ಲಂಬ ಕೊಯ್ತ. ಹೊಸದಾಗಿ ಕೀಸಿದ ಜಾಗಕ್ಕೆ ಬೆರಳು ಸವರಿದರೆ ತೆಳುವಾದ ಜಿಡ್ಡು ಹತ್ತುತ್ತದೆ, ಮೂಗಿಗೆ ಹಿಡಿದರೆ ಹಳೆಯ ತೊಗಲಿನ ವಾಸನೆ ಬರುತ್ತದೆ. ಬರಿಯ ಬಣ್ಣವನ್ನು ನಂಬಬಾರದು, ಏಕೆಂದರೆ ಹೊಸ ತೇಗದಲ್ಲಿ ಕಾಣುವ ಹಸುರು ಮಿಶ್ರಿತ ಪಟ್ಟೆಗಳು ಬೆಳಕಿಗೆ ಒಡ್ಡಿದ ಕೆಲವು ವಾರಗಳಲ್ಲೇ ಹೊಂಬಣ್ಣದ ಕಂದಿಗೆ ತಿರುಗುತ್ತವೆ. ಬೇರೆ ಮರಕ್ಕೆ ಆ ಬಣ್ಣ ಬಳಿಯುವುದೂ ಕಷ್ಟವಲ್ಲ. ತೇಗಕ್ಕೂ ದೋಷಗಳುಂಟು. ಅದರಲ್ಲಿನ ಸಿಲಿಕಾ, ಅಂದರೆ ಮರಳಿನಂಥ ಅಂಶ, ಉಳಿ ಗರಗಸಗಳ ಬಾಯಿ ಬೇಗ ಸವೆಸುತ್ತದೆ. ಜಿಡ್ಡಿನ ಕಾರಣ ಅಂಟು ಸರಿಯಾಗಿ ಹಿಡಿಯದಿರುವುದರಿಂದ ಬಡಗಿಯು ಅಂಟಿಸುವ ಅಂಚನ್ನು ಅಸಿಟೋನ್‌ನಿಂದ ಒರೆಸಿ ಕೂಡಲೇ ಅಂಟಿಸಬೇಕು.

ಊರಿನಿಂದಲೇ ಮೇಜು ಮಾಡಿಸಿ ತರುವ ಆಸೆ ಅನೇಕರಿಗಿರುತ್ತದೆ, ಅದು ಗೌರವಕ್ಕೆ ಅರ್ಹವಾದ ಆಸೆಯೂ ಹೌದು. ದಾಂಡೇಲಿಯ ಅರಣ್ಯ ಇಲಾಖೆಯ ಡಿಪೊದಲ್ಲಿ ಹರಾಜಾಗುವ ತೇಗ ಹೆಸರುವಾಸಿಯಾದದ್ದು. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯಿದೆ ಮತ್ತು ಅರಣ್ಯ ನಿಯಮಗಳ ಪ್ರಕಾರ ತೇಗ, ಬೀಟೆಗಳನ್ನು ಕಡಿಯುವುದಕ್ಕೂ ಸಾಗಿಸುವುದಕ್ಕೂ ಅನುಮತಿ ಬೇಕಾದ್ದರಿಂದ ಮರಕ್ಕೆ ಸರಿಯಾದ ಕಾಗದಪತ್ರವಿರಬೇಕು. ಬೀಟೆಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ, ಭಾರತವೂ ಎಮಿರೇಟ್ಸ್ ಕೂಡ ಸದಸ್ಯರಾಗಿರುವ ಸೈಟಿಸ್ ಒಪ್ಪಂದವು 2017ರ ಜನವರಿ 2ರಿಂದ ಬೀಟೆಯ ಇಡೀ ಕುಲವನ್ನೇ ತನ್ನ ಪಟ್ಟಿಗೆ ಸೇರಿಸಿದೆ. ಹತ್ತು ಕಿಲೋ ತೂಕದೊಳಗಿನ ಸಿದ್ಧ ವಸ್ತುಗಳಿಗೆ ವಿನಾಯಿತಿ ಇದ್ದರೂ ಊಟದ ಮೇಜಿನ ತೂಕ ಅದನ್ನು ಎಷ್ಟೋ ಪಟ್ಟು ಮೀರುತ್ತದೆ. ಮೈಸೂರಿನ ಬೀಟೆಯ ಕುಸುರಿ ಕೆಲಸದ ಸಣ್ಣ ಪೆಟ್ಟಿಗೆಯೊಂದು ಮನೆಯ ಗೋಡೆಗೂಡಿಗೆ ಶೋಭೆ ತರುತ್ತದೆ. ಇಡೀ ಮೇಜಿಗೆ ಬೀಟೆಯನ್ನು ಬಳಸುವುದು, ಆ ಮರ ಕಾಡಿನಲ್ಲಿ ಎಷ್ಟು ನಿಧಾನವಾಗಿ ಬೆಳೆಯುತ್ತದೆಂದು ತಿಳಿದವರಿಗೆ, ಬೇಡವೆನಿಸುತ್ತದೆ.

ಹಲಸಿನ ಮರಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ. ಮೇಜು ಬರುವುದಕ್ಕೆ ಮುಂಚೆ ಕನ್ನಡ ನಾಡಿನ ಮನೆಗಳಲ್ಲಿ ಊಟಕ್ಕೆ ಕೂರುತ್ತಿದ್ದ ಮಣೆ ಹೆಚ್ಚಾಗಿ ಹಲಸಿನದೇ. ವೀಣೆಯ ಕೊಡಕ್ಕೂ ಮೃದಂಗದ ಕಳಸಿಗೂ ಅದನ್ನೇ ಆರಿಸುತ್ತಾರೆ, ಏಕೆಂದರೆ ಒಮ್ಮೆ ಚೆನ್ನಾಗಿ ಒಣಗಿದ ಹಲಸು ಸುಲಭಕ್ಕೆ ರೂಪಗೆಡುವುದಿಲ್ಲ. ಹಳದಿ ಬಣ್ಣದ ಅದರ ಚೇಗು ವರ್ಷಗಳುರುಳಿದಂತೆ ಕೆಂಗಂದು ಬಣ್ಣಕ್ಕೆ ಮಾಗುತ್ತದೆ, ಗೆದ್ದಲಿನ ಕಾಟವೂ ಅದಕ್ಕೆ ಕಡಿಮೆ. ಕರಾವಳಿಯ ಹಿತ್ತಲುಗಳಲ್ಲಿ ಬೆಳೆದ ಮರವಾದ್ದರಿಂದ ಕಾಡಿಗೆ ಅದರಿಂದ ಹೊರೆಯೂ ಇಲ್ಲ. ಆದರೆ ಅದು ಕೂಡ ಮಂಗಳೂರಿನ ಗಾಳಿಯಲ್ಲಿ ಒಣಗಿದಷ್ಟಕ್ಕೆ ದುಬೈಗೆ ಹೊಂದುವುದಿಲ್ಲ. ಯಂತ್ರದ ಒಣಗಿಸುವ ಕೋಣೆಯಲ್ಲಿಟ್ಟು ತೇವಾಂಶವನ್ನು ಶೇ. 8ರಿಂದ 10ಕ್ಕೆ ಇಳಿಸಿದ ಮೇಲೆಯೇ ಮೇಜಿನ ಕೆಲಸ ತೊಡಗಬೇಕು. ಹಡಗಿನಲ್ಲಿ ಕಳಿಸುವಾಗ ಮೇಜನ್ನು ಸುತ್ತಿದ ಪೆಟ್ಟಿಗೆಯ ಮರವೂ, ಅಂತರರಾಷ್ಟ್ರೀಯ ನಿಯಮದಂತೆ, ಒಳಗಿನವರೆಗೆ 56 ಡಿಗ್ರಿ ಉಷ್ಣತೆಯಲ್ಲಿ 30 ನಿಮಿಷ ಕಾಯಿಸಿ ಹುಳು ಸಾಯಿಸಿದ ಮುದ್ರೆ ಹೊತ್ತಿರಬೇಕು.

ದುಬೈಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಭಾರತೀಯ ಮೇಜುಗಳು ಬಹುಪಾಲು ರಾಜಸ್ಥಾನದ ಜೋಧಪುರದ ಕಾರ್ಖಾನೆಗಳಲ್ಲಿ ಮಾವು, ಶೀಶಮ್ ಮತ್ತು ಜಾಲಿ ಕುಲದ ಮರಗಳಿಂದ ತಯಾರಾದವು. ಜೋಧಪುರದ ಹವೆ ವರ್ಷದ ಬಹುಭಾಗ ಒಣಗಿರುವುದು ಇವುಗಳಿಗೆ ಅನುಕೂಲ. ಹಣ್ಣು ಬಿಡುವುದು ನಿಂತ ಮುದಿ ಮಾವಿನ ಮರಗಳನ್ನು ಕಡಿದು ಬಳಸುವುದು ಒಳ್ಳೆಯ ಪದ್ಧತಿ, ಅದರ ಕುಗ್ಗುವಿಕೆಯೂ ಹೆಚ್ಚಿನದಲ್ಲ. ಆದರೆ ಮಾವಿಗೆ ಕುಟ್ಟೆ ಹುಳು ಬೇಗ ಹತ್ತುವುದರಿಂದ ಔಷಧ ಉಣಿಸಿ ಒಣಗಿಸಿದ ಮರವೇ ಆಗಬೇಕು. ಹೊಸ ಮೇಜಿನ ಕೆಳಗೆ ನೆಲದ ಮೇಲೆ ರವೆಯಂಥ ಪುಡಿ ಉದುರಿ ಬಿದ್ದದ್ದು ಕಂಡರೆ ಹುಳು ಒಳಗಿದೆಯೆಂದೇ ತಿಳಿಯಬೇಕು. ರಬ್ಬರ್ ಮರಕ್ಕೂ ಇದೇ ಮಾತು ಅನ್ವಯಿಸುತ್ತದೆ; ಅದು ಅಗ್ಗ, ಹೆಚ್ಚು ಅಲುಗಾಡದ ಮರ, ಆದರೆ ನೀರು ನಿಂತರೆ ಕಪ್ಪಾಗುತ್ತದೆ.

ಹೊರದೇಶದ ಮರಗಳಲ್ಲಿ ಹೆಚ್ಚು ವಿಚಾರಿಸಬೇಕಾದದ್ದು ಓಕ್. ದುಬೈ, ಶಾರ್ಜಾ, ಅಬುಧಾಬಿಯ ಮುಸಫಾಗಳ ಬಡಗಿ ಶೆಡ್ಡುಗಳಲ್ಲಿ ಅಮೆರಿಕದ ಓಕ್, ವಾಲ್‌ನಟ್, ಆ್ಯಶ್ ಮತ್ತು ಯೂರೋಪಿನ ಬೀಚ್ ಸಾಮಾನ್ಯವಾಗಿ ದೊರೆಯುತ್ತವೆ, ಮತ್ತು ಇವು ಬಹುಮಟ್ಟಿಗೆ ಯಂತ್ರದಲ್ಲಿ ಒಣಗಿಸಿಯೇ ಬಂದಿರುತ್ತವೆ. ಚಪ್ಪಟೆ ಕೊಯ್ತದ ಬಿಳಿ ಓಕ್ ತೇಗದ ಎರಡರಷ್ಟು ಅಲುಗಾಡಿದರೂ ಲಂಬ ಕೊಯ್ತದ ಬಿಳಿ ಓಕ್ ಒಂದು ಮೀಟರಿಗೆ ಶೇ. 1ರ ತೇವ ವ್ಯತ್ಯಾಸಕ್ಕೆ 1.8 ಮಿಲಿಮೀಟರ್ ಮಾತ್ರ ಬದಲಾಗುತ್ತದೆ. ಅಂದರೆ ಕೊಯ್ಯುವ ರೀತಿಯೊಂದರಿಂದಲೇ ಅದು ಚಪ್ಪಟೆ ಕೊಯ್ತದ ತೇಗಕ್ಕೆ ಸಮವಾಗುತ್ತದೆ. ಈ ಮಾತನ್ನು ಗಿರಾಕಿಗಳು ತಿಳಿದಿದ್ದರೆ ಎಷ್ಟೋ ಒಳ್ಳೆಯ ಮೇಜುಗಳು ಹುಟ್ಟಬಹುದು. ಓಕಿಗೆ ಒಂದು ವಿಶೇಷ ಕಾಳಜಿ ಬೇಕು: ಅದರಲ್ಲಿ ಟ್ಯಾನಿನ್ ಎಂಬ ಒಗರು ದ್ರವ್ಯ ಹೇರಳವಾಗಿರುವುದರಿಂದ ಒದ್ದೆಯಾದ ಕಬ್ಬಿಣದ ದೋಸೆಕಾವಲಿಯನ್ನೋ ಬಾಣಲೆಯನ್ನೋ ಅದರ ಮೇಲೆ ಇಟ್ಟರೆ ಕಬ್ಬಿಣವೂ ಟ್ಯಾನಿನ್ನೂ ಕೂಡಿ ಶಾಯಿಯಂಥ ಕಪ್ಪು ಕಲೆ ಬೀಳುತ್ತದೆ. ಬೀಚ್ ಗಟ್ಟಿಯಾದರೂ ಅದರ ಹಿಗ್ಗು ಕುಗ್ಗು ಬಹಳ. ಅದು ಕುರ್ಚಿಗೆ ಒಳ್ಳೆಯದು, ಅಗಲವಾದ ಪಾಳಿಗೆ ಬೇಡ.

ಮರದ ಪುಡಿ, ಚೂರುಗಳನ್ನು ಅಂಟಿನಿಂದ ಒತ್ತಿ ಮಾಡಿದ ಎಂಡಿಎಫ್, ಪಾರ್ಟಿಕಲ್ ಬೋರ್ಡುಗಳ ಮೇಲೆ ತೆಳುವಾದ ಮರದ ಹಾಳೆ ಅಂಟಿಸಿದ ಮೇಜುಗಳು ಒಣ ಕೋಣೆಯಲ್ಲಿ ಅಲುಗಾಡದೆ ನಿಲ್ಲುತ್ತವೆಂಬುದು ನಿಜ. ಆದರೆ ನೀರು ಹೊಕ್ಕ ಬೋರ್ಡು ಒಮ್ಮೆ ಉಬ್ಬಿದರೆ ಒಣಗಿದ ಮೇಲೂ ಮೊದಲಿನ ದಪ್ಪಕ್ಕೆ ಬರುವುದಿಲ್ಲ. 2024ರ ಏಪ್ರಿಲ್ 16ರಂದು ಎಮಿರೇಟ್ಸ್‌ನಲ್ಲಿ ದಾಖಲೆಯ ಮಳೆ ಸುರಿದು, ಅಲ್ ಐನ್ ಸಮೀಪದ ಖತ್ಮ್ ಅಲ್ ಶಕ್ಲಾದಲ್ಲಿ ಒಂದು ದಿನದೊಳಗೆ 254 ಮಿಲಿಮೀಟರ್ ದಾಟಿತು. ನೀರು ನುಗ್ಗಿದ ನೆಲಮಹಡಿಯ ಕೋಣೆಗಳಲ್ಲಿ ಇಂಥ ಬೋರ್ಡಿನ ಕಾಲುಗಳು ದುರಸ್ತಿಗೆ ಒದಗುವುದಿಲ್ಲ. ಅದೇ ನೀರಿನಲ್ಲಿ ನಿಂತ ಗಟ್ಟಿ ಮರದ ಕಾಲನ್ನು ನೆರಳಿನಲ್ಲಿ ನಿಧಾನವಾಗಿ ಒಣಗಿಸಿ ಕೀಸಿ ಮತ್ತೆ ಬಳಸಬಹುದು. ಮೇಜು ಗಟ್ಟಿ ಮರದ್ದೋ ಹಾಳೆ ಅಂಟಿಸಿದ್ದೋ ಎಂದು ತಿಳಿಯಲು ಮೇಲ್ಮೈಯ ಎಳೆಗಳು ಅಂಚನ್ನು ದಾಟಿ ತುದಿಯಲ್ಲಿ ಮುಂದುವರಿದಿವೆಯೇ ಎಂದು ನೋಡಿದರೆ ಸಾಕು.

ಕೆಡವಿದ ಹಳೆಯ ಮನೆಗಳ ತೊಲೆ, ಬಾಗಿಲುಗಳಿಂದ ಮಾಡಿದ ಮೇಜುಗಳಿಗೂ ಈಗ ಬೇಡಿಕೆಯಿದೆ. ಅಂಥ ಮರ ನಿಧಾನವಾಗಿ ಬೆಳೆದ ಕಾಡಿನದಾಗಿರುವ ಸಂಭವ ಹೆಚ್ಚು, ಹೊಸ ಮರವೊಂದನ್ನು ಕಡಿಯುವುದೂ ತಪ್ಪುತ್ತದೆ. ನೂರು ವರ್ಷದ ಮರ ಪೂರ್ತಿ ಒಣಗಿರಲೇಬೇಕೆಂಬ ಊಹೆ ಮಾತ್ರ ಸರಿಯಲ್ಲ. ಮರದ ತೇವಾಂಶವನ್ನು ನಿರ್ಧರಿಸುವುದು ಅದರ ವಯಸ್ಸಾಗಿರದೆ ಅದು ಇತ್ತೀಚೆಗೆ ಇದ್ದ ಜಾಗದ ಹವೆಯಾದ್ದರಿಂದ, ಕರಾವಳಿಯ ಗೋದಾಮಿನಲ್ಲಿ ಬಿದ್ದಿದ್ದ ಹಳೆಯ ತೊಲೆಯನ್ನೂ ಹೊಸದರಂತೆಯೇ ಒಣಗಿಸಬೇಕಾಗುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಊಟದ ಮೇಜಿಗೆ ಬಳಸುವ ಹಲಗೆಯಲ್ಲಿ ಆ ಬಣ್ಣದ ಕುರುಹೂ ಉಳಿಯಬಾರದು.

ಯಾವ ಮರವನ್ನೇ ಆರಿಸಿದರೂ ಅದು ಹಿಗ್ಗಿ ಕುಗ್ಗಲು ಬಡಗಿ ಜಾಗ ಬಿಟ್ಟಿರಬೇಕು. ಮೇಲ್ಪಾಳಿಯನ್ನು ಚೌಕಟ್ಟಿಗೆ ಹಿಡಿಸುವ ತಿರುಪುಮೊಳೆಗಳ ತೂತು ಗುಂಡಗಿರದೆ ಅಗಲದ ದಿಕ್ಕಿಗೆ ಉದ್ದನಾಗಿರಬೇಕು, ಇಲ್ಲವೆ ಚೌಕಟ್ಟಿನ ಕಚ್ಚಿನಲ್ಲಿ ಜಾರುವ ಸಣ್ಣ ಮರದ ತುಂಡುಗಳಿಂದ ಪಾಳಿಯನ್ನು ಹಿಡಿಸಿರಬೇಕು. ಅಂಗಡಿಯಲ್ಲಿ ಮೇಜಿನ ಕೆಳಗೆ ಮೊಬೈಲಿನ ದೀಪ ಹಿಡಿದು ಈ ಒಂದು ಸಂಗತಿಯನ್ನು ನೋಡಿದರೆ ಮಾಡಿದವನ ತಿಳಿವಳಿಕೆ ಗೊತ್ತಾಗುತ್ತದೆ. ಹಲಗೆಗಳ ತುದಿಯಲ್ಲಿ ಅಡ್ಡ ಪಟ್ಟಿ ಕೂರಿಸುವುದು ಈ ಮಾದರಿಯ ಮೇಜಿಗೆ ಅಂದ; ಅದನ್ನು ನಡುವಿನಲ್ಲಿ ಮಾತ್ರ ಅಂಟಿಸಿ ಎರಡು ಬದಿಗಳಲ್ಲಿ ಸಡಿಲ ಬಿಟ್ಟಿರಬೇಕು. ಎಣ್ಣೆ ಅಥವಾ ವಾರ್ನಿಷ್ ತೇವದ ಓಡಾಟವನ್ನು ನಿಧಾನಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಮೇಲ್ಮೈಗೆ ಮೂರು ಲೇಪ ಕೊಟ್ಟು ತಳವನ್ನು ಹಾಗೇ ಬಿಟ್ಟರೆ ಎರಡು ಬದಿಗಳು ಬೇರೆ ಬೇರೆ ವೇಗದಲ್ಲಿ ಒಣಗಿ ಹಲಗೆ ದೋಣಿಯಾಗಿ ಬಾಗುತ್ತದೆ. ಅರಗಿನಿಂದ ಮಾಡಿದ ಪಾಲಿಶ್ ನೋಡಲು ಚೆಂದವಾದರೂ ಬಿಸಿ ಸಾರಿನ ಪಾತ್ರೆಗೆ ಬಿಳಿಯ ಉಂಗುರ ಬೀಳುತ್ತದೆ. ಅರಿಸಿನದ ಕಲೆಗೆ ಹೆದರಬೇಕಾಗಿಲ್ಲ, ಬಿಸಿಲು ಬೀಳುವ ಕಡೆ ಅದು ಕೆಲವು ದಿನಗಳಲ್ಲಿ ತಾನಾಗಿ ಮಾಸುತ್ತದೆ. ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆದರೆ ಅದು ತನ್ನ ಬಿಸಿಯಿಂದಲೇ ಹೊತ್ತಿಕೊಳ್ಳಬಹುದು. ಅದನ್ನು ಬಿಡಿಸಿ ಹರಡಿ ಒಣಗಿಸುವುದನ್ನು ಯಾರೂ ಮರೆಯಬಾರದು.

ಎಂಟು ಜನ ಕೂರುವ 2.1 ಮೀಟರ್ ಉದ್ದ, ಒಂದು ಮೀಟರ್ ಅಗಲ, 40 ಮಿಲಿಮೀಟರ್ ದಪ್ಪದ ತೇಗದ ಪಾಳಿಯೊಂದೇ ಸುಮಾರು 55 ಕಿಲೋ ತೂಗುತ್ತದೆ. ಬಾಡಿಗೆ ಮನೆಗಳನ್ನು ಬದಲಿಸುತ್ತಲೇ ಇರಬೇಕಾದ ನಗರಗಳಲ್ಲಿ, ಬಹುಮಹಡಿ ಕಟ್ಟಡದ ಲಿಫ್ಟಿಗೆ ಹಿಡಿಸುವಂತೆ, ಕಾಲುಗಳು ಬೋಲ್ಟ್ ಕಳಚಿ ಬೇರೆಯಾಗುವ ಮೇಜನ್ನೇ ಮಾಡಿಸುವುದು ಅನುಕೂಲ.

ಇಷ್ಟನ್ನೂ ತೂಗಿ ನೋಡಿದಾಗ ದುಬೈ ಮತ್ತು ಅಬುಧಾಬಿಯ ಮನೆಗೆ ಮೊದಲ ಸ್ಥಾನ ತೇಗದ ಚೇಗಿಗೇ ಸಲ್ಲಬೇಕು. ಲಂಬ ಕೊಯ್ತದ ಬಿಳಿ ಓಕ್ ಅದರ ಪಕ್ಕದಲ್ಲೇ ನಿಲ್ಲುತ್ತದೆ. ಯಂತ್ರದಲ್ಲಿ ಹದವಾಗಿ ಒಣಗಿಸಿದ ಹಲಸು, ಊರಿನ ನಂಟನ್ನು ಬಯಸುವವರಿಗೆ, ಎರಡಕ್ಕೂ ಕಡಿಮೆಯಾದುದಲ್ಲ. ಒಣಗದ ತೇಗಕ್ಕಿಂತ ಒಣಗಿದ ಮಾವು ಮೇಲು ಎಂಬುದನ್ನೂ ಸೇರಿಸಬೇಕು. ಎರಡು ಮುಳ್ಳುಗಳನ್ನು ಮರಕ್ಕೆ ಚುಚ್ಚಿ ವಿದ್ಯುತ್ತಿನ ತಡೆಯಿಂದ ತೇವಾಂಶವನ್ನು ತೋರಿಸುವ ತೇವಮಾಪಕವು ಅಂಗೈಯಲ್ಲಿ ಹಿಡಿಯುವ ಸಣ್ಣ ಉಪಕರಣ. ಮೇಜು ಮಾಡಿಸಲು ಹೊರಟವರು ಮುಂಗಡ ಹಣ ಕೊಡುವ ಮುನ್ನ ಬಡಗಿಯ ಶೆಡ್ಡಿನಲ್ಲಿ ತಮ್ಮ ಎದುರಿಗೇ, ಬೇಗ ಒಣಗುವ ತುದಿಯನ್ನು ಬಿಟ್ಟು ಹಲಗೆಯ ನಡುವಿನಲ್ಲಿ, ಅದನ್ನು ಚುಚ್ಚಿಸಿ ನೋಡಬೇಕು. ಅಂಕಿ 10ನ್ನು ಮೀರಿದ್ದರೆ ಆ ಹಲಗೆಯನ್ನು ಒಪ್ಪಿಕೊಳ್ಳಬಾರದು.